ಮಲಗಿದವರ ಗುಡ್ಡ

"ನಾನು ಅದರ ಮೇಲೇ ತಲೆಯಿಟ್ಟು ಮಲಗಿದ್ದೆ ಕಣ್ರಯ್ಯಾ," ಅಂದ ಮುದುಕ, ಗುಡ್ಡ ಹತ್ತುವಾಗ ಊರವರ ಮುಂದೆ ನಡೆಯುವವನು. "ದಿಂಬಿನ ಹಂಗೆ. ಕಬ್ಬಿಣ ತಣ್ಣಗಿತ್ತು. ಅಂಥಾ ನಿದ್ದೆ ನನಗೆ ತಾಯಿ ತೊಡೆ ಮೇಲೂ ಬಂದಿರಲಿಲ್ಲ. ಎದ್ದು ನೋಡ್ತೀನಿ, ಗಡ್ಡ ಎದೆಮಟ್ಟ ಬೆಳೆದಿತ್ತು."

ಹುಣಸೆಮರದ ಕಟ್ಟೆಯಲ್ಲಿ ಕೂತಿದ್ದವರು ಯಾರೂ ಅಲ್ಲ ಅನ್ನಲಿಲ್ಲ. ಅಲ್ಲ ಅನ್ನಬಲ್ಲವರು ಉಳಿದಿರಲಿಲ್ಲ. ಅವತ್ತು ಮುದುಕನ ಜೊತೆ ಗುಡ್ಡ ಹತ್ತಿದ್ದ ದನ ಕಾಯುವವನು ಸತ್ತು ಮಣ್ಣಾಗಿದ್ದ. ಸೌದೆಯವನು ಸತ್ತು ಮಣ್ಣಾಗಿದ್ದ. ಅವರ ಹಿಂದೆ ಬಾಲ ಅಲ್ಲಾಡಿಸಿಕೊಂಡು ಹೋಗಿದ್ದ ನಾಯಿಯೂ ಪಾಪ ಒಂದು ಮಾತು ಹೇಳದೆ ಹೋಗಿಬಿಟ್ಟಿತ್ತು. ಸಾಕ್ಷಿಗೆ ಉಳಿದದ್ದು ಗುಡ್ಡ ಒಂದು, ಮುದುಕ ಒಬ್ಬ. ಗುಡ್ಡಕ್ಕೆ ಬಾಯಿರಲಿಲ್ಲ. ಮುದುಕನಿಗೆ ಇತ್ತು.

"ಅದು ನಿನ್ನ ಏನೂ ಮಾಡಲಿಲ್ವಾ?" ಕೇಳಿದ ಎಣ್ಣೆಯವನು.

"ನನ್ನನ್ನಾ? ಅದಕ್ಕೂ ಮುಖ ನೋಡಿದರೆ ಮನುಷ್ಯ ಎಂಥವನು ಅಂತ ತಿಳಿಯುತ್ತೆ ಕಣೋ. ನೀನಾಗಿದ್ದರೆ ಬೇರೆ ಮಾತು."

ಎಣ್ಣೆಯವನು ನಗಲು ಬಾಯಿ ತೆರೆದ, ಆಕಳಿಸಿದ. ಅವನನ್ನು ನೋಡಿ ಪಕ್ಕದವನು ಆಕಳಿಸಿದ. ಆಕಳಿಕೆ ಕಟ್ಟೆಯನ್ನು ಒಂದು ಸುತ್ತು ಹಾಕಿ, ಬೀದಿಗಿಳಿದು, ಬಾವಿಯಲ್ಲಿ ನೀರು ಸೇದುತ್ತಿದ್ದವಳ ಬಾಯಿ ತೆರೆಸಿ, ಊರಬಾಗಿಲು ದಾಟಿ ಹೋಯಿತು. ಆ ಊರಿನಲ್ಲಿ ಆಕಳಿಕೆಗೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ನಿದ್ದೆಗೆ.

ಯಾವ ಕಾಲದಲ್ಲೋ ಆ ಗುಡ್ಡದ ಬುಡಕ್ಕೆ ಒಂದು ದಂಡು ಬಂದು ಇಳಿದಿತ್ತು. ಯಾರ ದಂಡು, ಯಾರ ಮೇಲೆ ಹೊರಟಿತ್ತು, ಊರವರಿಗೆ ತಿಳಿಯದು. ಎದುರಾಳಿ ಇರಲಿಲ್ಲ, ಗುಡ್ಡ ಇತ್ತು. ಗುಡ್ಡಕ್ಕೇ ಗುರಿಯಿಟ್ಟು ಫಿರಂಗಿ ಹೊಡೆಯುವುದನ್ನು ಕಲಿತರು. ಬೆಳಗಾದರೆ ಢಂ, ಬೈಗಾದರೆ ಢಂ. ತೊಟ್ಟಿಲಿನ ಮಕ್ಕಳು ಆ ಸದ್ದಿಗೇ ಅಳುವುದನ್ನು ಕಲಿತವು, ಆ ಸದ್ದಿಗೇ ಸುಮ್ಮನಾಗುವುದನ್ನು ಕಲಿತವು. ಕಲಿಯುವುದು ಮುಗಿದ ಮೇಲೆ ದಂಡು ಡೇರೆ ಕಿತ್ತುಕೊಂಡು ಹೋಯಿತು. ಹಾರಿಸಿದ ಗುಂಡುಗಳಲ್ಲಿ ಸಿಡಿದವು ಸಿಡಿದಿದ್ದವು. ಸಿಡಿಯದವು ಮಣ್ಣಿನಲ್ಲಿ, ಹುಲ್ಲಿನಲ್ಲಿ, ಬಂಡೆಯ ಸಂದಿಯಲ್ಲಿ ಬಿದ್ದಲ್ಲೇ ಮಲಗಿಬಿಟ್ಟವು. ಅವುಗಳ ಹಿಂದೆಯೇ ಊರಿನ ನಿದ್ದೆಯೂ ಗುಡ್ಡ ಹತ್ತಿ ಹೋಯಿತು.

ಗುಂಡು ಅನ್ನುವ ಮಾತನ್ನು ಊರಿನಲ್ಲಿ ಯಾರೂ ಆಡುತ್ತಿರಲಿಲ್ಲ. ಮಲಗಿದವರು ಅನ್ನುತ್ತಿದ್ದರು. ಮಲಗಿದವರು ಮೇಲೆ ಮಲಗಿರುವ ತನಕ ಕೆಳಗೆ ಊರಿನಲ್ಲಿ ಒಬ್ಬರಾದರೂ ಎಚ್ಚರ ಇರಬೇಕು, ಇದು ಅಲ್ಲಿನ ಕಟ್ಟಳೆ. ಮಳೆ ಬಂದರೆ ಮಣ್ಣು ಜಾರುತ್ತದೆ, ಮಣ್ಣಿನ ಜೊತೆ ಮಲಗಿದವರೂ ಜಾರುತ್ತಾರೆ. ನಿನ್ನೆ ಪೊದೆಯ ಮರೆಯಲ್ಲಿದ್ದವನು ಇವತ್ತು ಕಾಲುದಾರಿಗೆ ಬಂದಿರುತ್ತಾನೆ. ಮೈಯೆಲ್ಲ ತುಕ್ಕು ಹಿಡಿದು ಹಳೇ ಬೇರಿನ ತುಂಡಿನ ಹಾಗೆ, ಒಡೆದ ಒರಳಿನ ಹಾಗೆ ಕಾಣುತ್ತಾನೆ. ತುಕ್ಕು ಹಿಡಿದದ್ದು ಹೊರಗೆ ಮಾತ್ರ. ಒಳಗೆ ದಂಡು ತುಂಬಿಟ್ಟ ಕೋಪ ತುಂಬಿಟ್ಟ ಹಾಗೇ ಇರುತ್ತದೆ.

ಆದ್ದರಿಂದ ಆ ಊರಿನಲ್ಲಿ ಮಕ್ಕಳಿಗೆ ಅಮ್ಮ ಅನ್ನುವುದಕ್ಕೆ ಮುಂಚೆ ಇದನ್ನು ಕಲಿಸುತ್ತಿದ್ದರು: ಕಂಡೆಯಾ, ನಿಲ್ಲು. ನಿಂತೆಯಾ, ಮುಟ್ಟಬೇಡ. ಕಲ್ಲೆಸೆಯಬೇಡ, ಕೋಲು ಚುಚ್ಚಬೇಡ, ಬೆಂಕಿ ತರಬೇಡ. ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋಗು. ಹೋಗಿ ಊರಿಗೆ ಹೇಳು.

ಕಟ್ಟಳೆ ಗುಡ್ಡದಿಂದ ಇಳಿದು ಮನೆಗಳ ಒಳಗೂ ಬಂದಿತ್ತು. ಹೆಂಗಸರ ಕೈಯಿಂದ ಬಾಚಣಿಗೆ ಜಾರಿ ಬಿದ್ದರೆ ಒಂದು ಗಳಿಗೆ ಅದನ್ನು ದೂರದಿಂದ ನೋಡುತ್ತಾ ನಿಂತು ಆಮೇಲೆ ಎತ್ತಿಕೊಳ್ಳುತ್ತಿದ್ದರು. ಅಪರೂಪಕ್ಕೆ ಯಾರಿಗಾದರೂ ಜೋಂಪು ಹತ್ತಿದರೆ ಮೈ ಅಲುಗಿಸಿ ಎಬ್ಬಿಸುವಂತಿರಲಿಲ್ಲ. ಹೊಸ್ತಿಲಾಚೆ ನಿಂತು ಕೂಗಬೇಕಿತ್ತು.

ಕಟ್ಟಳೆಯನ್ನು ಮೀರಿದವನು ಒಬ್ಬ ಕುರಿಯವನು. ಅವನು ಮುಟ್ಟಲಿಲ್ಲ, ಒದೆಯಲಿಲ್ಲ. ಚಳಿಗೆ ಪಕ್ಕದಲ್ಲೇ ಒಂದಿಷ್ಟು ತರಗೆಲೆ ಗುಡ್ಡೆ ಮಾಡಿ ಬೆಂಕಿ ಹಾಕಿಕೊಂಡು ಕೂತ, ಅಷ್ಟೆ. ಊರಿಗೆ ಮೊದಲು ಬಂದದ್ದು ಸದ್ದು. ಸಂಜೆಗೆ ಕುರಿಗಳು ತಾವಾಗಿ ಬಂದವು. ಕುರಿಯವನು ಬರಲಿಲ್ಲ.

ಇಷ್ಟಾದರೂ ಗುಡ್ಡ ಹತ್ತದೆ ವಿಧಿಯಿರಲಿಲ್ಲ. ಊರಿನ ಬದುಕು ಪೊರಕೆ ಹುಲ್ಲಿನದು, ಹುಲ್ಲು ಬೆಳೆಯುವುದು ಗುಡ್ಡದ ಮೇಲೆ. ಅದಕ್ಕೇ ಮುಂದೆ ನಡೆಯುವವನು ಅಂತ ಒಬ್ಬ ಬೇಕಾಗಿತ್ತು. ಅವನು ಮುಂದೆ ನಡೆಯಬೇಕು, ಮಿಕ್ಕವರು ಅವನ ಹೆಜ್ಜೆಯ ಮೇಲೇ ಹೆಜ್ಜೆಯಿಡಬೇಕು. ಮಲಗಿದವನು ಎಲ್ಲಿ ಕಂಡರೂ ಅವನ ಸುತ್ತ, ತುಂಬಾ ದೂರದಲ್ಲಿ, ಸುಣ್ಣ ಬಳಿದ ಕಲ್ಲುಗಳ ಬಳೆ ಹಾಕಬೇಕು. ಈ ಬಳೆಯಾಚೆ ನಿಲ್ಲು ಅಂತ ಅರ್ಥ.

ಮುದುಕನನ್ನು ದಣಿಸಿದ್ದು ಗುಡ್ಡವಲ್ಲ, ಈ ಬಳೆ. ಹುಲ್ಲಿಗೆ ಹೋಗುವವರು ಬಳೆ ಕಂಡಾಗ ಭಕ್ತಿಯಿಂದ ತಾವೂ ಒಂದು ಬಿಳಿಕಲ್ಲು ಇಟ್ಟು ಕೈ ಮುಗಿದು ಹೋಗುತ್ತಿದ್ದರು. ಹೊರಗೆ ಇಟ್ಟರೆ ಅಸಡ್ಡೆ ಮಾಡಿದಂತೆ ಅಂತ ಒಂದು ಗೇಣು ಒಳಗೆ ಇಡುತ್ತಿದ್ದರು. ಹಿಂದೆ ಬಂದವರು ಅದಕ್ಕಿಂತ ಒಂದು ಗೇಣು ಒಳಗೆ. ಕೆರೆಗೆ ಕಲ್ಲು ಬಿದ್ದರೆ ಅಲೆ ಹೊರಕ್ಕೆ ಹೋಗುತ್ತದಲ್ಲ, ಅಲ್ಲಿ ಅಲೆ ಒಳಕ್ಕೆ ಹೋಗುತ್ತಿತ್ತು. ದೂರ ನಿಲ್ಲಿ ಅಂತ ಹಾಕಿದ ಬಳೆ ಮಲಗಿದವನ ಕೊರಳಿಗೇ ಹತ್ತಿರವಾಗುತ್ತಿತ್ತು. ಪ್ರತಿ ಮಳೆಗಾಲ ಮುಗಿದ ಮೇಲೆ ಮುದುಕ ಸುಣ್ಣದ ಗಡಿಗೆ ಹೊತ್ತು ಹೋಗಿ ದೂರದಲ್ಲಿ ಹೊಸ ಬಳೆ ಹಾಕುತ್ತಿದ್ದ. ಊರು ಅದನ್ನು ಮತ್ತೆ ಒಳಕ್ಕೆ ನಡೆಸುತ್ತಿತ್ತು. ಅವನು ಮತ್ತೆ ಹೊರಕ್ಕೆ. ಅವನ ಆಯುಸ್ಸು ಹೀಗೇ ಸವೆದಿತ್ತು. ಕಟ್ಟೆಯ ಮೇಲೆ ಕೂತು ಬಡಾಯಿ ಕೊಚ್ಚುವಾಗ ಮಾತ್ರ ಅವನ ಬೆನ್ನು ನೆಟ್ಟಗಾಗುತ್ತಿತ್ತು.

ಆ ಮಧ್ಯಾಹ್ನ ಕಟ್ಟೆ ಬರಿದಾದ ಮೇಲೆ ಪೊರಕೆ ಕಟ್ಟುವವಳು ಬಂದಳು. ತಮಟೆಯವನ ಹೆಂಡತಿ ಅವಳು. ಸೊಂಟದಲ್ಲಿ ಹುಲ್ಲಿನ ಹೊರೆ, ಕೆನ್ನೆಯ ಮೇಲೆ ಹುಲ್ಲಿನ ಗೀರು.

"ಅಜ್ಜ, ಎದ್ದಿದ್ದೀಯಾ?"

"ಈ ಊರಲ್ಲಿ ಎದ್ದಿಲ್ಲದೆ ಇರೋರು ಯಾರು ತಾಯಿ?"

"ನೀನು ಅದರ ಮೇಲೆ ತಲೆಯಿಟ್ಟು ಮಲಗಿದ್ದೆ ಅಂದೆಯಂತೆ."

"ಅಂದೆ. ಗೊರಕೆಗೆ ಪಕ್ಕದ ಬಂಡೆ ಸೀಳಿತ್ತು. ಈಗಲೂ ಬಂದು ನೋಡಬಹುದು."

"ಹಂಗಾದರೆ ನಮ್ಮನೆಯೋರನ್ನೂ ಮಲಗಿಸು."

ಮುದುಕನ ಕೈಯಲ್ಲಿದ್ದ ಎಲೆಯಡಿಕೆ ಕೈಯಲ್ಲೇ ಉಳಿಯಿತು.

ತಮಟೆಯವನ ಸಂಗತಿ ಊರಿಗೆಲ್ಲ ಗೊತ್ತಿತ್ತು. ಮಲಗಿದವರನ್ನು ಯಾರು ಎಲ್ಲಿ ಕಂಡರೂ ಅವನಿಗೆ ಹೇಳಬೇಕು, ಅವನು ತಮಟೆ ಬಡಿದು ಊರಿಗೆ ಸಾರಬೇಕು. ಮೊದಮೊದಲು ಎಚ್ಚರ ಇರುವುದಕ್ಕೆ ಮನೆಮನೆಗೆ ಪಾಳಿಯಿತ್ತು. ಹೆಂಗೂ ತಮಟೆಯವನು ಎದ್ದೇ ಇರುತ್ತಾನಲ್ಲ ಅಂತ ಒಂದೊಂದೇ ಮನೆ ತನ್ನ ಪಾಳಿಯನ್ನು ಅವನ ಹೆಗಲಿಗೆ ಜಾರಿಸಿತು. ಕೊನೆಗೆ ಊರಿನ ಎಚ್ಚರವೆಲ್ಲ ಅವನೊಬ್ಬನ ಕಣ್ಣಿನಲ್ಲಿ ಬಂದು ನಿಂತಿತು. ಈಗ ಮುಚ್ಚು ಅಂದರೂ ಆ ಕಣ್ಣು ಮುಚ್ಚುತ್ತಿರಲಿಲ್ಲ.

"ಊಟಕ್ಕೆ ಕೂತರೆ ತುತ್ತು ಕೈಯಲ್ಲೇ ಇರುತ್ತೆ ಅಜ್ಜ," ಅಂದಳು ಅವಳು. "ಮೊನ್ನೆ ತಮಟೆ ಅಂತ ನನ್ನ ಮೊರ ತಗೊಂಡು ಬೀದಿಯೆಲ್ಲ ಬಡಿದರು. ಜನ ನಕ್ಕರು. ನಾನೂ ನಕ್ಕೆ. ಒಳಗೆ ಬಂದು ಅತ್ತೆ. ನಾಡಿ ನೋಡೋನು ಹೇಳಿದ, ಇವರು ನಿದ್ದೆ ಮಾಡದಿದ್ದರೆ ಬರೋ ಮಳೆ ಕಾಣಲ್ಲ ಅಂತ."

"ಅದು ನನ್ನಂಥ ತಲೆಗೆ ಆಗೋ ಮಾತು ತಾಯಿ. ನನ್ನ ತಲೆ ಮೇಲೆ ತೆಂಗಿನಕಾಯಿ ಬಿದ್ದರೆ ಕಾಯಿ ಒಡೆಯುತ್ತೆ."

"ನಮ್ಮನೆಯೋರ ತಲೆ ಏನು ಕಮ್ಮಿಯೇ? ನಮ್ಮತ್ತೆ ಬಾಯನ್ನ ಇಷ್ಟು ವರ್ಷ ತಡೆದ ತಲೆ ಅದು."

"ದಾರಿ ಮಳೆಗೆ ಕಿತ್ತುಹೋಗಿದೆ."

"ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹತ್ತಿ ಇಳಿದಿದ್ದೆ ಅಂತ ಹೋದ ಹಬ್ಬಕ್ಕೆ ನೀನೇ ಹೇಳಿದೆಯಲ್ಲ."

"ನನಗೂ ವಯಸ್ಸಾಯಿತು."

"ಅದನ್ನೂ ನೀನು ಒಪ್ಪಿದ್ದು ಇವತ್ತೇ ಮೊದಲು," ಅಂದಳು. ಆಮೇಲೆ ಹೊರೆಯನ್ನು ಸೊಂಟದ ಇನ್ನೊಂದು ಕಡೆಗೆ ಬದಲಿಸಿಕೊಂಡು, "ನೀನು ಬರದಿದ್ದರೆ ನಾವೇ ಹೋಗ್ತೀವಿ. ಬಿಳಿಕಲ್ಲು ಕಾಣುತ್ತಲ್ಲ, ಅದನ್ನೇ ಹಿಡಕೊಂಡು," ಅಂದಳು.

ಅದೆಲ್ಲ ಸುಳ್ಳು ಅಂದುಬಿಡಬಹುದಿತ್ತು. ಆ ಮಾತು ಮುದುಕನ ನಾಲಿಗೆಯ ತುದಿಗೆ ಬಂದು ಕೂತಿತು, ಆಚೆ ನೋಡಿತು, ಈಚೆ ನೋಡಿತು, ಎದ್ದು ಒಳಗೆ ಹೋಯಿತು. ಅವಳ ಮುಖ ನೋಡಿದರೆ ಈಗ ಆ ಮಾತನ್ನೂ ಅವಳು ನಂಬುವ ಹಾಗೆ ಕಾಣಲಿಲ್ಲ. ದಾರಿ ತೋರಿಸುವುದಕ್ಕೆ ಮನಸ್ಸಿಲ್ಲದೆ ಹೀಗೆ ಹೇಳ್ತಾನೆ ಅಂದುಕೊಂಡು ಗಂಡನ ಕೈ ಹಿಡಿದು ಹೊರಟುಬಿಡುವವಳು. ಹೊರಟರೆ ಅವರ ಮುಂದೆ ನಡೆಯುವವರು ಯಾರೂ ಇರುವುದಿಲ್ಲ.

"ನಾಳೆ ಬೆಳಕು ಹರಿದ ಮೇಲೆ," ಅಂದ. "ಕೋಲು ತರಬೇಡಿ. ಬೆಂಕಿಪೊಟ್ಟಣ, ಬೀಡಿ ಎಲ್ಲ ಮನೇಲಿ ಬಿಟ್ಟು ಬನ್ನಿ."

ಮಾರನೆಯ ಬೆಳಿಗ್ಗೆ ಮೂವರೂ ಹೊರಟರು. ಮುಂದೆ ಮುದುಕ. ಅವನ ಹೆಜ್ಜೆಯ ಮೇಲೆ ಅವಳ ಹೆಜ್ಜೆ. ಅವಳ ಹೆಜ್ಜೆಯ ಮೇಲೆ ತಮಟೆಯವನ ಹೆಜ್ಜೆ. ಮೂವರು ನಡೆದರೂ ದಾರಿಯಲ್ಲಿ ಒಬ್ಬನೇ ನಡೆದ ಗುರುತು. ಅವಳ ಹೆಗಲ ಮೇಲೆ ಮಡಿಸಿದ ಕಂಬಳಿ ಇತ್ತು, ಕಬ್ಬಿಣ ಗಂಡನ ಕೆನ್ನೆಗೆ ಒತ್ತದಿರಲಿ ಅಂತ. ತಮಟೆಯವನು ತಮಟೆಯನ್ನು ಹೆಗಲಿಗೆ ಹಾಕಿಕೊಂಡೇ ಬಂದಿದ್ದ. ಅವನ ಕಣ್ಣು ಎಣ್ಣೆ ತೀರಿದ ಮೇಲೂ ಉರಿಯುವ ಬತ್ತಿಯ ಹಾಗೆ ಕೆಂಪಗಿತ್ತು. ನಡೆಯುತ್ತಾ ನಡೆಯುತ್ತಾ ತೂಗಾಡುತ್ತಿದ್ದ, ಬೀಳುತ್ತಿರಲಿಲ್ಲ. ಬೀಳುವುದಕ್ಕೂ ಒಂದು ಗಳಿಗೆ ಮೈಮರೆಯಬೇಕಲ್ಲ, ಅದೂ ಅವನಿಗೆ ಆಗುತ್ತಿರಲಿಲ್ಲ.

ಗುಡ್ಡದ ಬುಡದಲ್ಲಿ ಹುಲ್ಲು ಕೊಯ್ಯುವವಳೊಬ್ಬಳು ಎದುರಿಗೆ ಬಂದಳು. ಹೊರೆಯಿರಲಿಲ್ಲ, ಕುಡುಗೋಲೂ ಇರಲಿಲ್ಲ.

"ಸುದ್ದಿ ಇದೆ," ಅಂದಳು ನಿಲ್ಲದೆ.

ತಮಟೆಯವನು ತಟ್ಟನೆ ಅವಳ ಕಡೆ ತಿರುಗಿದ. ಸುದ್ದಿ ಇದೆ ಅನ್ನುವ ಮಾತು ಕಿವಿಗೆ ಬಿದ್ದರೆ ಅವನು ಯಾವ ಕೆಲಸದಲ್ಲಿದ್ದರೂ ಬಿಟ್ಟು ಸುದ್ದಿಯನ್ನು ಕೊನೆತನಕ ಕೇಳಬೇಕು, ಹೇಳುವವರು ನಡೆದರೆ ಅವರ ಹಿಂದೆಯೇ ನಡೆಯಬೇಕು. ಅದು ಅವನ ಮನೆತನಕ್ಕೆ ಬಂದ ಕಟ್ಟು. ಹೆಂಡತಿ ಹೆರಿಗೆ ನೋವಿನಲ್ಲಿದ್ದಾಗಲೂ ಹಾಗೆ ಎದ್ದು ಹೋಗಿದ್ದನಂತೆ.

"ಕಾರೆ ಪೊದೆ ದಾಟಿ, ನೀರು ಹರಿಯೋ ಕೊರಕಲಿನ ಈಚೆ ದಡ," ಅಂದಳು ಹುಲ್ಲಿನವಳು ಇಳಿಯುತ್ತಾ. "ಮೂತಿ ಮಾತ್ರ ಕಾಣುತ್ತೆ. ನಿಂತೆ. ಮುಟ್ಟಲಿಲ್ಲ. ಕುಡುಗೋಲು ಕೈಯಿಂದ ಜಾರಿತು, ಎತ್ತಿಕೊಳ್ಳಲಿಲ್ಲ. ಬಂದ ಹೆಜ್ಜೆಯಲ್ಲೇ ಬಂದೆ."

ತಮಟೆಯವನು ಅವಳ ಹಿಂದೆ ನಾಲ್ಕಾರು ಮಾರು ಇಳಿದ, ಕೇಳಿದ, ಊರಿನ ಕಡೆ ತಿರುಗಿ ತಮಟೆ ಬಡಿದು ಸಾರಿದ. ಕಾರೆ ಪೊದೆ ದಾಟಿ. ಕೊರಕಲಿನ ಈಚೆ ದಡ. ಸಾರುವಾಗ ಅವನ ದನಿ ಬೇರೆ ಯಾರದೋ ದನಿಯ ಹಾಗೆ ಗಟ್ಟಿಯಾಗಿತ್ತು. ಮುಗಿದ ಕೂಡಲೇ ಮತ್ತೆ ತೂಗಾಡತೊಡಗಿದ.

"ಕಂಡೆಯಾ ಅಜ್ಜ," ಅಂದಳು ಹೆಂಡತಿ. "ಎಲ್ಲರ ಸುದ್ದೀನೂ ಕೇಳ್ತಾರೆ. ಇವರ ಸುದ್ದಿ ಕೇಳೋರಿಲ್ಲ."

ಮುದುಕ ಮುಂದಕ್ಕೆ ತಿರುಗಿದ. ಹತ್ತುತ್ತಿದ್ದ. ಅವನ ಮೊಣಕಾಲು ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ಒಂದು ಹೆಜ್ಜೆ, ನೋಟ. ಒಂದು ಹೆಜ್ಜೆ, ನೋಟ. ಹುಲ್ಲು ತಾನಾಗಿ ಬಾಗಿದೆಯೋ ಏನಾದರೂ ಬಾಗಿಸಿದೆಯೋ. ಕಲ್ಲು ಕಲ್ಲೇ ಹೌದೋ. ಊರಿನ ಜನ ಅವನಿಗೆ ಎಂಟೆದೆ ಅನ್ನುತ್ತಿದ್ದರು, ಅವನೂ ಹೌದು ಅನ್ನುತ್ತಿದ್ದ. ಅವನಲ್ಲಿ ಇದ್ದದ್ದು ಅಂಜಿಕೆ ಒಂದೇ. ಅದನ್ನು ದಿನಾ ಉಜ್ಜಿ ಉಜ್ಜಿ ಕನ್ನಡಿಯ ಹಾಗೆ ಇಟ್ಟುಕೊಂಡಿದ್ದ, ಅದರಲ್ಲಿ ಗುಡ್ಡವೆಲ್ಲ ಕಾಣುತ್ತಿತ್ತು.

ಬಿಸಿಲು ಏರಿತು. ಹಲ್ಲಿಗಳು ಬಂಡೆಗೆ ಹೊಟ್ಟೆಯನ್ನು ಒಮ್ಮೆ ತಾಗಿಸಿ ಒಮ್ಮೆ ಎತ್ತಿ ನಿಂತಿದ್ದವು. ಅಗಲವಾದ ಬೋಳು ಹಾಸುಬಂಡೆಯೊಂದನ್ನು ದಾಟಿದರು. ಅಲ್ಲಿ ಮಣ್ಣಿಲ್ಲ, ಹುಲ್ಲಿಲ್ಲ, ಅಡಗುವುದಕ್ಕೆ ಯಾವುದಕ್ಕೂ ಜಾಗವಿಲ್ಲ. ಅಲ್ಲಿ ಕೂತು ಸುಧಾರಿಸಿಕೊಳ್ಳೋಣ ಅಂದ ಮುದುಕ. ಬೇಡ ಅಂದಳು. ಹಾಸುಬಂಡೆಯ ಆಚೆ ತಿರುವು, ತಿರುವಿನ ಆಚೆ ದೊಡ್ಡ ಮಲಗಿದವನು.

ತಿರುವು ದಾಟಿದ ಮುದುಕ ನಿಂತುಬಿಟ್ಟ.

ಅವನು ಹೋದ ವರ್ಷ ಹಾಕಿದ್ದ ಬಳೆ ಇದ್ದಲ್ಲಿ ಇರಲಿಲ್ಲ. ಬಿಳಿಕಲ್ಲುಗಳು ಒಂದರ ಒಳಗೊಂದು, ಒಂದರ ಒಳಗೊಂದು ಸುತ್ತುತ್ತಾ ಹೋಗಿ, ಎಲ್ಲಕ್ಕಿಂತ ಒಳಗಿನ ಸುತ್ತು ಮಲಗಿದವನ ಮೈಯಿಂದ ಒಂದು ಮೊಳದಲ್ಲಿತ್ತು. ಅಲ್ಲಿ ಬಾಡಿದ ತಂಗಡಿ ಹೂವಿತ್ತು. ಉರಿದು ಕಪ್ಪಾದ ಒಂದು ಹಣತೆ ಇತ್ತು. ಯಾರೋ ಪುಣ್ಯಾತ್ಮರು ದೀಪ ಹಚ್ಚಿ ಹೋಗಿದ್ದರು.

ಮುದುಕ ಹಣತೆಯನ್ನೇ ನೋಡಿದ. ಇಷ್ಟು ವರ್ಷ ಹೊತ್ತ ಸುಣ್ಣದ ಗಡಿಗೆಗಳೆಲ್ಲ ಒಟ್ಟಿಗೆ ಬಂದು ಹೆಗಲ ಮೇಲೆ ಕೂತವು. ಇಲ್ಲೇ ಕೂತುಬಿಡೋಣ, ಆಗುವುದು ಆಗಲಿ ಅನ್ನಿಸಿತು.

"ಇದೇನಾ?" ಪಿಸುಗುಟ್ಟಿದಳು ಪೊರಕೆಯವಳು.

"ಇದೇ."

"ಎಷ್ಟು ತಣ್ಣಗೆ ಮಲಗಿದೆ," ಅಂದಳು. ಅವಳ ದನಿಯಲ್ಲಿ ಹೊಟ್ಟೆಕಿಚ್ಚಿತ್ತು.

ಅಷ್ಟರಲ್ಲಿ ಅವರಿಬ್ಬರನ್ನೂ ಬಳಸಿ ತಮಟೆಯವನು ಮುಂದೆ ಹೋಗಿದ್ದ. ಅವನನ್ನು ಯಾರೂ ಕರೆದಿರಲಿಲ್ಲ. ಊರಿನ ನಿದ್ದೆಯೆಲ್ಲ ಅಲ್ಲಿ ಒಂದೇ ಕಡೆ ಬಿದ್ದಿದೆ ಅನ್ನುವುದು ಅವನ ಮೈಗೇ ತಿಳಿದ ಹಾಗಿತ್ತು. ಬಾಯಾರಿದ ದನ ನೀರಿನ ಕಡೆ ಹೋಗುವ ಹಾಗೆ ಹೊರಗಿನ ಸುತ್ತು ದಾಟಿದ. ಕಾಲಿಗೆ ಒಂದು ಬಿಳಿಕಲ್ಲು ತಾಗಿ ಉರುಳಿತು. ಉರುಳಿ, ಇನ್ನೊಂದು ಕಲ್ಲಿಗೆ ಬಡಿದು ನಿಂತಿತು. ಅವಳು ಕಂಬಳಿ ಬಿಚ್ಚಿ ಹಿಡಿದು ಅವನ ಹಿಂದೆಯೇ ಹೆಜ್ಜೆ ಎತ್ತಿದಳು.

ಓಡಿ ಹೋಗಿ ರಟ್ಟೆ ಹಿಡಿದು ಎಳೆಯುವಂತಿರಲಿಲ್ಲ. ಎಳೆದರೆ ಅವನು ಮುಗ್ಗರಿಸುವುದು ಅದರ ಮೇಲೇ. ಕೂಗುವಂತೆಯೂ ಇರಲಿಲ್ಲ. ಬೆಚ್ಚಿದವನ ಕಾಲು ಎಲ್ಲಿ ಬೀಳುತ್ತದೋ ಯಾರು ಕಂಡವರು.

ಮುದುಕ ಬಾಯಿ ತೆರೆದ. ಬೇರೆ ಯಾವುದೂ ಅವನ ಹತ್ತಿರ ಇರಲಿಲ್ಲ, ಬಾಯಿ ಇತ್ತು.

"ಸುದ್ದಿ ಇದೆ," ಅಂದ ಮೆಲ್ಲಗೆ.

ತಮಟೆಯವನ ಎತ್ತಿದ ಕಾಲು ಎತ್ತಿದಲ್ಲೇ ನಿಂತಿತು. ಅದು ಮುಂದಕ್ಕೆ ಬೀಳಲಿಲ್ಲ. ತಾನು ಎದ್ದ ಜಾಗವನ್ನೇ ಹುಡುಕಿಕೊಂಡು ಮೆಲ್ಲಗೆ ಇಳಿಯಿತು. ಅವನ ಮುಖ ಇತ್ತ ತಿರುಗಿತು.

"ಮಲಗಿದವನದೇ ಸುದ್ದಿ," ಅಂದ ಮುದುಕ. "ಅವತ್ತು ನಾನು ತಲೆಯಿಟ್ಟು ಮಲಗಿದ್ದಾಗ ಅವನು ನನಗೆ ಹೇಳಿದ್ದು. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ." ಹೇಳುತ್ತಲೇ ಹಿಮ್ಮುಖವಾಗಿ ಒಂದು ಹೆಜ್ಜೆ ಇಟ್ಟ, ತಾನು ಬಂದ ಹೆಜ್ಜೆಯ ಗುರುತಿನ ಮೇಲೇ. "ಅವನು ಹೇಳಿದ, ನಾನು ಹುಟ್ಟಿದ್ದು ಇಲ್ಲಿ ಅಲ್ಲ ಅಂತ."

ತಮಟೆಯವನು ಒಂದು ಹೆಜ್ಜೆ ಈಚೆಗೆ ಬಂದ.

"ಅಜ್ಜ, ಏನು ಮಾಡ್ತಿದ್ದೀಯ?" ಅಂದಳು ಅವಳು. "ಇಲ್ಲೀತನಕ ಕರಕೊಂಡು ಬಂದು ಈಗ ಕತೆ ತೆಗೀತೀಯಾ?"

"ಸುದ್ದಿ ಕೇಳೋವಾಗ ನಡುವೆ ಬಾಯಿ ಹಾಕಬಾರದು," ಅಂದ ತಮಟೆಯವನು. ಆ ಬೆಳಿಗ್ಗೆ ಅವನು ಹೆಂಡತಿಗೆ ಆಡಿದ ಮೊದಲ ಮಾತು ಅದು.

"ಹುಟ್ಟಿದ್ದು ದೂರದ ಒಂದು ಕುಲುಮೆಯಲ್ಲಿ," ಅಂದ ಮುದುಕ, ಇನ್ನೊಂದು ಹೆಜ್ಜೆ ಹಿಂದಕ್ಕೆ. "ಕಾಯಿಸಿದರು. ಬಡಿದರು. ಹೊಟ್ಟೆಗೆ ಮದ್ದು ತುಂಬಿದರು. ಯಾಕೆ ಅಂತ ಹೇಳಲಿಲ್ಲ. ಹುಲ್ಲು ಹಾಸಿದ ಗಾಡಿಯಲ್ಲಿ ಮಲಗಿಸಿದರು. ಎತ್ತು ಹೊರಟವು. ಒಂದು ಊರು ಬಂತು, ಊರು ಹೋಯಿತು. ಒಂದು ಹೊಳೆ ಬಂತು, ಹೊಳೆ ಹೋಯಿತು. ಗಾಡಿ ಹೊಡೆಯುವವನು ಹಾಡುತ್ತಿದ್ದ, ಅವನಿಗೆ ಒಂದೇ ಹಾಡು ಬರುತ್ತಿತ್ತು. ಮತ್ತೆ ಒಂದು ಊರು. ಮತ್ತೆ ಒಂದು ಹೊಳೆ..."

ಮಾತಿಗೊಂದು ಹೆಜ್ಜೆ. ಮುದುಕ ಹಿಂದಕ್ಕೆ, ತಮಟೆಯವನು ಅವನ ಕಡೆಗೆ. ಅವಳೂ ಬಂದಳು, ಕಂಬಳಿಯನ್ನು ಎದೆಗೆ ಅವುಚಿಕೊಂಡು, ಹಲ್ಲು ಕಚ್ಚಿಕೊಂಡು, ಬಂದ ಹೆಜ್ಜೆಯಲ್ಲೇ. ಸಿಟ್ಟು ಎಷ್ಟೇ ಇದ್ದರೂ ಆ ಊರಿನವಳ ಕಾಲು ಹೆಜ್ಜೆ ತಪ್ಪುವುದಿಲ್ಲ. ಬಿಳಿಯ ಸುತ್ತುಗಳು ಹಿಂದೆ ಉಳಿದವು. ಹಣತೆ ಹಿಂದೆ ಉಳಿಯಿತು. ತಿರುವು ಬಂತು, ತಿರುವು ಹೋಯಿತು.

ಹಾಸುಬಂಡೆಯ ಮೇಲೆ ಬಂದು ಮುದುಕ ಕೂತ. ಮಾತು ಮಾತ್ರ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಸುದ್ದಿ ಮುಗಿಯುತ್ತದೆ. ಮುಗಿದರೆ ತಮಟೆಯವನ ಕಾಲಿಗೆ ಮತ್ತೆ ಆ ಕಡೆಯ ನೆನಪು ಬರುತ್ತದೆ.

ತಮಟೆಯವನು ಎದುರಿಗೆ ಕುಕ್ಕರಗಾಲಿನಲ್ಲಿ ಕೂತ. ಅವಳು ಅವನ ಪಕ್ಕಕ್ಕೆ ಕೂತು ಮುಖವನ್ನು ಬೇರೆ ಕಡೆ ತಿರುಗಿಸಿದಳು.

"...ದಂಡು ಸಿಕ್ಕಿತು. ಗಾಡಿಯಿಂದ ಇಳಿಸಿದರು. ಎಣ್ಣೆ ಬಟ್ಟೆಯಿಂದ ಒರೆಸಿದರು. ಒರೆಸುವವನಿಗೆ ತನ್ನ ಊರು ನೆನಪಾಗುತ್ತಿತ್ತು. ಮಲಗಿದವನು ಹೇಳಿದ, ನನಗೆ ಹಾರುವ ಆಸೆ ಇರಲಿಲ್ಲ. ಹಾರಿಸಿದರು, ಹಾರಿದೆ. ಮೇಲಿನಿಂದ ನೋಡಿದರೆ ನಿಮ್ಮ ಊರು ಕಂಡಿತು. ಹಿತ್ತಿಲಲ್ಲಿ ಬಟ್ಟೆ ಒಣಗಿಹಾಕಿದ್ದರು. ಒಬ್ಬಳು ಮೊರದಲ್ಲಿ ಏನೋ ಕೇರುತ್ತಿದ್ದಳು. ಸಿಡಿಯಬೇಕಿತ್ತು ನಾನು. ಬೇಸರವಾಯಿತು. ಬಿದ್ದೆ, ಮಲಗಿದೆ. ಈಗ ನನ್ನನ್ನು ನೋಡುವವರು ದೂರದಿಂದ ನೋಡಲಿ. ಹೂವು ಬೇಡ, ದೀಪ ಬೇಡ. ನನ್ನ ಸುತ್ತ ಹಾಕಿದ ಬಳೆ ಹಾಕಿದಲ್ಲೇ ಇರಲಿ. ಕಲ್ಲು ಇಡುವವರು ಒಂದು ಗೇಣು ಹೊರಗೆ ಇಡಲಿ, ಅದೇ ನನಗೆ ಮರ್ಯಾದೆ. ಯಾಕೆಂದರೆ ನಾನು ಎದ್ದರೆ, ನನಗೆ ಬೇರೆ ಏನೂ ಮಾಡಲು ಬರುವುದಿಲ್ಲ. ಒಂದೇ ಕೆಲಸ ಕಲಿಸಿದ್ದಾರೆ. ಊರಿಗೆ ಹೇಳು, ಎಚ್ಚರ ಇರುವುದನ್ನು ಒಬ್ಬನ ಮೇಲೆ ಹೊರಿಸಬೇಡಿ ಅಂತ ಹೇಳು. ಮನೆಮನೆಗೆ ಪಾಳಿ ಇರಲಿ. ಆಮೇಲೆ ಗಾಡಿಯವನ ಸಂಗತಿ ಕೇಳು ಅಂದ. ಗಾಡಿಯವನು ಹಿಂತಿರುಗಿ ಹೊರಟ. ಮತ್ತೆ ಆ ಹೊಳೆ ಬಂತು. ಮತ್ತೆ ಆ ಊರು ಬಂತು. ಎತ್ತು ಮೆಲ್ಲಗೆ ನಡೆಯುತ್ತಿದ್ದವು. ಮತ್ತೆ ಒಂದು ಹೊಳೆ..."

ಮುದುಕನಿಗೆ ತನ್ನ ಮಾತೇ ಎಲ್ಲೋ ದೂರದಲ್ಲಿ ಕೇಳಿಸುತ್ತಿತ್ತು. ಅದು ಅವನು ಹೇಳಿದ ಸುಳ್ಳುಗಳಲ್ಲೆಲ್ಲ ಉದ್ದನೆಯದು, ಸಪ್ಪೆಯಾದದ್ದು. ಅದರಲ್ಲಿ ಅವನ ಸಾಹಸ ಒಂದೂ ಇರಲಿಲ್ಲ. ಕಟ್ಟೆಯಲ್ಲಿ ಹೇಳಿದ್ದರೆ ಜನ ಅರ್ಧಕ್ಕೇ ಎದ್ದು ಹೋಗುತ್ತಿದ್ದರು. ಗಾಡಿ ಸಾಗುತ್ತಲೇ ಇತ್ತು. ಹೊಳೆಗಳು ತೀರಿಹೋಗಿ ಇದ್ದ ಹೊಳೆಗಳನ್ನೇ ಮತ್ತೊಮ್ಮೆ ದಾಟಿಸಿದ.

ಅವಳ ಕೈ ಅವನ ಮೊಣಕಾಲಿನ ಮೇಲೆ ಬಂತು.

"ಅಜ್ಜ. ಸಾಕು."

ತಮಟೆಯವನು ಬಂಡೆಯ ಮೇಲೆ ಒರಗಿದ್ದ. ಕಾಲು ನೀಡಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಎಷ್ಟೋ ಕಾಲದಿಂದ ತೆರೆದೇ ಇದ್ದ ಕಣ್ಣು ಮುಚ್ಚಿತ್ತು. ರೆಪ್ಪೆಗಳಿಗೆ ಇನ್ನೂ ನಂಬಿಕೆ ಬಂದಿಲ್ಲವೇನೋ ಅನ್ನುವ ಹಾಗೆ ಒಮ್ಮೊಮ್ಮೆ ಅದುರುತ್ತಿದ್ದವು. ಆಮೇಲೆ ಅದೂ ನಿಂತಿತು. ಎದೆ ಏರಿತು, ಇಳಿಯಿತು.

ಅವಳು ಗಂಡನ ಮೇಲೆ ಕಂಬಳಿ ಹೊದಿಸಲು ಹೋಗಿ, ಮುಟ್ಟಿದರೆ ಎಲ್ಲಿ ಎದ್ದುಬಿಡುತ್ತಾನೋ ಅಂತ ಕೈ ಹಿಂದಕ್ಕೆ ತೆಗೆದುಕೊಂಡಳು. ಕಂಬಳಿಯ ಎರಡು ತುದಿ ಹಿಡಿದು ಅವನ ಮುಖಕ್ಕೆ ನೆರಳಾಗುವ ಹಾಗೆ ನಿಂತಳು. ತೋಳು ಸೋತಾಗ ಮುದುಕ ಎದ್ದು ಒಂದು ತುದಿ ಹಿಡಿದುಕೊಂಡ. ಇಬ್ಬರೂ ಹಾಗೇ ನಿಂತರು. ಕೆಳಗೆ ಊರು ಕಾಣುತ್ತಿತ್ತು. ಯಾವುದೋ ಹಿತ್ತಿಲಲ್ಲಿ ಬಟ್ಟೆ ಒಣಗುತ್ತಿತ್ತು.

ಅವಳು ಕಂಬಳಿಯ ಮೇಲಿಂದ ಮುದುಕನ ಕಡೆ ನೋಡಿದಳು.

"ಅಜ್ಜ," ಅಂದಳು ಪಿಸುಮಾತಿನಲ್ಲಿ.

"ಹೂಂ."

"ಅದು ಮಲಗಿತ್ತು ಅಂದೆ."

"ಹೂಂ."

"ನೀನೂ ಮಲಗಿದ್ದೆ ಅಂದೆ. ಗೊರಕೆ ಹೊಡೀತಾ."

"ಹೂಂ."

"ಇಬ್ಬರೂ ಮಲಗಿದ್ದರೆ ಹೇಳಿದ್ದು ಯಾರು? ಕೇಳಿದ್ದು ಯಾರು?"

ಮುದುಕ ಕಂಬಳಿಯ ತುದಿಯನ್ನು ಬಿಡದೆ ಭುಜ ಹಾರಿಸಿದ.